ಗಾಳ ನಿಲ್ಲಿಸಿದರೆ ಸಾಲದು, ನದಿಗೆ ನೀರು ಬಿಡಿ

ಮಾನ್ಯ ಸಂಪಾದಕರೇ,

ಕ್ಯಾಲಿಫೋರ್ನಿಯಾದ ಕಡಲಲ್ಲಿ 2023 ಮತ್ತು 2024ರಲ್ಲಿ ಸಾಲ್ಮನ್ ಮೀನು ಹಿಡಿಯುವುದನ್ನು ಪೂರ್ತಿ ನಿಲ್ಲಿಸಿದ್ದರು. 2025ರಲ್ಲಿ ನಮ್ಮಂಥ ಹವ್ಯಾಸಿಗಳಿಗೆ ಸಿಕ್ಕಿದ್ದು ಬೆರಳೆಣಿಕೆಯ ದಿನಗಳು. ಮೀನು ಕಡಿಮೆಯಾಗಿದೆ, ನಿಜ. ಆದರೆ ಅದು ಬರೀ ಗಾಳದಿಂದ ಆದದ್ದಲ್ಲ, ಅಲ್ವಾ? ಬರದ ವರ್ಷಗಳಲ್ಲಿ ಸ್ಯಾಕ್ರಮೆಂಟೊ ನದಿಯ ನೀರು ಇಳಿಯಿತು, ಬಿಸಿಯಾಯಿತು. ಕಡಲಲ್ಲಿ ಬೆಳೆಯುವ ಸಾಲ್ಮನ್ ಮೊಟ್ಟೆಯಿಡಲು ನದಿಗೇ ಬರುತ್ತವೆ; ಇಲ್ಲಿನ ಚಿನೂಕ್ ಜಾತಿಯ ಸಾಲ್ಮನ್ ಮೊಟ್ಟೆ ಉಳಿಯಲು ತಣ್ಣನೆಯ ನೀರೇ ಬೇಕು. ನದಿಯ ಮೇಲ್ಭಾಗದಲ್ಲಿ ಮೊಟ್ಟೆಯಿಡುತ್ತಿದ್ದ ಹಳೆಯ ಜಾಗಗಳಿಗೆ ಮೀನು ಹೋಗೋಣವೆಂದರೆ ಶಾಸ್ತಾ ಅಣೆಕಟ್ಟು ಅಡ್ಡ ನಿಂತಿದೆ. ಹೊಲಕ್ಕೆ, ನಗರಕ್ಕೆ ನೀರು ಹಂಚುವಾಗ ಮೀನಿನ ಪಾಲು ಯಾಕೆ ಕೊನೆಗೆ? ದೋಣಿಯವರು, ಗಾಳದ ಅಂಗಡಿಯವರು ಸೀಸನ್ ನಂಬಿ ಬದುಕುವವರು. ಉತ್ತರದ ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳನ್ನು 2024ರಲ್ಲಿ ತೆಗೆದು ಮುಗಿಸಿದರು. ಅದೇ ವರ್ಷ ಸಾಲ್ಮನ್ ಮೇಲಕ್ಕೆ ಈಜಿ ಬಂದವು! ಮರಿಗಳು ಕಡಲಿಗೆ ಇಳಿಯುವ ವಸಂತದಲ್ಲಿ ಸ್ಯಾಕ್ರಮೆಂಟೊಗೂ ಜಾಸ್ತಿ ನೀರು ಬಿಡಲಿ.

– ಓದುಗ, ಸ್ಯಾನ್ ಫ್ರಾನ್ಸಿಸ್ಕೊ