ತಲೆಕೆಳಗಾದ ‘ಗ’

ಶ್ರೀನಿವಾಸಪುರ
ಜೂನ್ 28

ಚಿನ್ನೂ,

ನಿನ್ನೆ ರಾತ್ರಿ ಫೋನಿನಲ್ಲಿ, “ಅಮ್ಮಾ, ನಾನು ಡಿ.ಎಡ್. ಓದಿದ್ದು ಮಕ್ಕಳ ಮೂಗು ಒರೆಸೋಕಾ?” ಅಂತ ಕೇಳಿದೆ. ನನಗೆ ನಗು ಬಂತು, ನೀನು ಫೋನಿಟ್ಟುಬಿಟ್ಟೆ. ಇದೇ ಮಾತನ್ನು ಒಂದು ಕಾಲದಲ್ಲಿ ನಿಮ್ಮಪ್ಪನ ಮುಂದೆ ನಾನೂ ಅತ್ತುಕೊಂಡು ಹೇಳಿದ್ದೆ, ಅದಕ್ಕೇ ನಗು. ಫೋನಿನಲ್ಲಿ ಹೇಳಹೊರಟರೆ ನಡುವೆ ಬಾಯಿ ಹಾಕುತ್ತೀಯ. ಆದ್ದರಿಂದ ಕಾಗದ.

ಹುದ್ದೆಯ ಹೆಸರಿನ ಮಾತು ಬಿಡು. ನಮ್ಮ ಸರ್ಕಾರಿ ಶಾಲೆಗಳಲ್ಲಿ ‘ಸಹಶಿಕ್ಷಕಿ’ ಅಂದರೆ ಕಾಯಂ ಟೀಚರು, ಪೂರಾ ಸಂಬಳ. ಅದನ್ನೇ ಇಂಗ್ಲಿಷ್ ಮಾಡಿ ತುಮಕೂರಿನ ನಿಮ್ಮ ಖಾಸಗಿ ಶಾಲೆಯಲ್ಲಿ ‘ಅಸಿಸ್ಟೆಂಟ್ ಟೀಚರ್’ ಅಂದರೆ ಪೆನ್ಸಿಲ್ ಹೆರೆಯುವವಳು. ನಾನಂತೂ ‘ಅತಿಥಿ ಶಿಕ್ಷಕಿ’. ಹತ್ತು ತಿಂಗಳಿಗೆ ಮಾತ್ರ ಗೌರವಧನ. ಏಪ್ರಿಲ್, ಮೇನಲ್ಲಿ ಅತಿಥಿಗೆ ಹೊಟ್ಟೆ ಹಸಿಯುವುದಿಲ್ಲವೇನೋ. ಕೊನೆಕೊನೆಗೆ ತಿಂಗಳಿಗೆ 10,000 ಅಂತ ಆದಾಗಲೂ ಅದು ಕೈಗೆ ಬರುತ್ತಿದ್ದದ್ದು ಮೂರು ತಿಂಗಳಿಗೊಮ್ಮೆ. ನೀನು ಹಾಗೆ ಮೋಸಹೋಗಬೇಡ. ಬೇಸಿಗೆ ರಜೆಯ ಸಂಬಳ ಕೊಡುತ್ತಾರೋ ಇಲ್ಲವೋ, ಈಗಲೇ ಕೇಳಿ ಬರೆಸಿಕೊ. ಸಂಕೋಚಪಟ್ಟರೆ ನಷ್ಟ ನಿನಗೇ.

ನನಗೆ ಹೇಳಬೇಕಾದದ್ದು ಬೇರೆ. ನಲಿ-ಕಲಿ ಕೊಠಡಿಯ ಮೊದಲ ವರ್ಷ ನಿನಗೆ ಯಾವತ್ತೂ ಹೇಳಿಲ್ಲ. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಶುರುವಾದ ಪದ್ಧತಿ, 2009ರ ಹೊತ್ತಿಗೆ ರಾಜ್ಯಕ್ಕೆಲ್ಲ ಬಂತು. ಬೆಂಚಿಲ್ಲ, ಗುಂಪು ಗುಂಪಾಗಿ ಸುತ್ತಲೂ ಚಾಪೆಯ ಮೇಲೆ ಕೂರಬೇಕು. ಅಕ್ಷರವೂ ಅ ಆ ಇ ಈ ಕ್ರಮದಲ್ಲಿಲ್ಲ; ರ, ಗ, ಸ, ದ, ಅ ಮೊದಲು. ಅಷ್ಟು ಬಂದರೆ ಮಗು ‘ಸರ’, ‘ಅರಸ’, ‘ದಸರ’ ಅಂತ ಆಗಲೇ ಓದಿಬಿಡುತ್ತದೆ.

ಒಬ್ಬ ಹುಡುಗಿ ಮಾತ್ರ ‘ಗ’ವನ್ನು ಬಟ್ಟಲು ಇಟ್ಟ ಹಾಗೆ ಬರೆಯುತ್ತಿದ್ದಳು. ದಿನಾ. ದೊಡ್ಡ ಟೀಚರು, “ಇದಕ್ಕೆ ತಲೆಗೆ ಹತ್ತಲ್ಲಮ್ಮ, ಬಿಡು” ಅಂದುಬಿಟ್ಟರು. ನಾನೂ ಹೌದೆಂದೇ ಅಂದುಕೊಂಡೆ. ಒಂದು ಮಧ್ಯಾಹ್ನ ಸೊಂಟ ನೋವು ಬಂದು ಅವಳ ಪಕ್ಕದಲ್ಲೇ ಚಾಪೆಯ ಮೇಲೆ ಕುಸಿದು ಕೂತೆ. ಎದುರಿನಿಂದ ಟೀಚರು ಸ್ಲೇಟನ್ನು ನೆಲದ ಮೇಲಿಟ್ಟು ‘ಗ’ ಬರೆದು ತೋರಿಸುತ್ತಿದ್ದರು. ನೋಡುತ್ತೇನೆ, ನನಗೂ ಬಟ್ಟಲೇ ಕಾಣುತ್ತಿದೆ! ಸುತ್ತ ಕೂತ ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ಅಕ್ಷರ ತಲೆಕೆಳಗು. ಅವರಲ್ಲಿ ಉಳಿದವರು ಪಕ್ಕದವರ ಸ್ಲೇಟು ನೋಡಿ ಸರಿಮಾಡಿಕೊಂಡಿದ್ದರು. ಈ ಪ್ರಾಮಾಣಿಕ ಹುಡುಗಿ ಕಂಡದ್ದನ್ನೇ ಬರೆದಿದ್ದಳು. ಮಾರನೇ ದಿನದಿಂದ ಅವಳನ್ನು ಟೀಚರ ಬದಿಗೆ ಕೂರಿಸಿದೆ. ಎರಡೇ ದಿನ, ‘ಗ’ ನೆಟ್ಟಗಾಯಿತು. ನಿಂತುಕೊಂಡು ಪಾಠ ಮಾಡುವವರಿಗೆ ಇದು ಹೇಗೆ ಕಂಡೀತು ಹೇಳು?

ಇನ್ನೊಂದು ಇದೆ, ಇದರಲ್ಲಿ ನಂದೇ ತಪ್ಪು. ಗಡಿಯ ಕಡೆಯ ನಮ್ಮ ಹಳ್ಳಿಗಳಲ್ಲಿ ಮನೆಯೊಳಗೆ ತೆಲುಗು, ಅಂಗಡಿಗೆ ಹೋದರೆ ಕನ್ನಡ. ಆ ಹೊತ್ತಿಗೆ ನನಗೆ ಹೊಸ ಹುರುಪು. ತರಗತಿಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡಕೂಡದು ಅಂತ ಕಟ್ಟುನಿಟ್ಟು ಮಾಡಿದೆ. ಒಂದನೇ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತು, “ಒಂಟಿಕಿ, ಒಂಟಿಕಿ” ಅಂದ. ಕನ್ನಡದಲ್ಲಿ ಕೇಳು ಅಂದೆ. ಒಂದಕ್ಕೆ ಅನ್ನುವ ಪದ ಆ ಕೂಸಿಗೆ ಗೊತ್ತಿರಲಿಲ್ಲ. ನನಗೆ ತೆಲುಗು ಗೊತ್ತಿತ್ತು, ನೆನಪಿಟ್ಟುಕೊ, ಚೆನ್ನಾಗಿಯೇ ಗೊತ್ತಿತ್ತು. ಅವನು ನಿಂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡ. ಮಕ್ಕಳೆಲ್ಲ ನಕ್ಕರು. ಎಂಟು ದಿನ ಶಾಲೆಗೆ ಬರಲಿಲ್ಲ. ನಾನೇ ಅವರ ಮನೆಗೆ ಹೋಗಿ, ಅವನ ಅಜ್ಜಿಯ ಹತ್ತಿರ ಬೈಸಿಕೊಂಡು ಕರೆತಂದೆ. ಆಮೇಲೆ ಮೊದಲು ತೆಲುಗಿನಲ್ಲಿ ಹೇಳುವುದು, ಬೆನ್ನಿಗೇ ಕನ್ನಡದಲ್ಲಿ ಹೇಳುವುದು. ದಸರೆ ರಜೆಯ ಹೊತ್ತಿಗೆ ಅವನು ನನ್ನ ಕನ್ನಡವನ್ನೇ ತಿದ್ದುತ್ತಿದ್ದ. ನಮ್ಮ ಮಾಲೂರು ಸೀಮೆಯ ಮಾಸ್ತಿಯವರ ಮನೆಮಾತು ತಮಿಳು. ಮನೆಮಾತು ಬೇರೆಯಾದರೆ ಕನ್ನಡ ಕೆಡುತ್ತದೆ ಅಂತ ಈಗ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ನಿಮ್ಮಲ್ಲಿ ಇಂಗ್ಲಿಷೇ ಮಾತಾಡಬೇಕಂತೆ. ಮ್ಯಾನೇಜ್‌ಮೆಂಟಿನವರ ಎದುರು ಮಾತಾಡು, ನಿನಗೆ ನೌಕರಿ ಬೇಕು. ಆದರೆ ಶೂ ಲೇಸು ಕಟ್ಟಲು ಬಗ್ಗಿದಾಗ ಮಗುವಿನ ಕಿವಿ ನಿನ್ನ ಬಾಯಿಯ ಪಕ್ಕದಲ್ಲೇ ಇರುತ್ತದೆ. ಆಗ ಯಾವ ಭಾಷೆ ಅಂತ ಯಾರು ಕೇಳುತ್ತಾರೆ?

ಒಂದು ನೋಟ್‌ಬುಕ್ ಇಟ್ಟುಕೊ. ದೊಡ್ಡದೇನೂ ಬರೆಯಬೇಡ. ಯಾರು ತಿಂಡಿ ತಿನ್ನದೆ ಬಂದರು, ಯಾರು ಬೋರ್ಡು ನೋಡುವಾಗ ಕಣ್ಣು ಕಿರಿದು ಮಾಡುತ್ತಾರೆ, ಯಾರು ಎಡಗೈಯಲ್ಲಿ ಹಿಡಿದ ಪೆನ್ಸಿಲನ್ನು ನಿಮ್ಮನ್ನು ಕಂಡ ಕೂಡಲೇ ಬಲಗೈಗೆ ಬದಲಾಯಿಸುತ್ತಾರೆ, ಇಷ್ಟೇ. ನಮ್ಮಲ್ಲಿ 2013ರಿಂದ ಬೆಳಿಗ್ಗೆ ಹಾಲು ಕೊಡಲು ಶುರುಮಾಡಿದ ಮೇಲೆ ಹತ್ತೂವರೆಯ ಅಳು ಎಷ್ಟೋ ಕಮ್ಮಿಯಾಯಿತು. ಅಲ್ಲಿಯವರೆಗೆ ಅದನ್ನು ಹಟ ಅಂದುಕೊಂಡು ಗದರುತ್ತಿದ್ದೆವು. ಕ್ಲಾಸ್ ಟೀಚರಿಗೆ ವಾರಕ್ಕೊಮ್ಮೆ ಆ ನೋಟ್‌ಬುಕ್ ತೋರಿಸು. ಮೊದಲು ಮುಖ ಗಂಟು ಹಾಕಿಕೊಳ್ಳುತ್ತಾರೆ, ಪೇರೆಂಟ್ಸ್ ಮೀಟಿಂಗ್ ಹತ್ತಿರ ಬಂದಾಗ ತಾವೇ ಕೇಳುತ್ತಾರೆ. ನಾನು ಕಂಡ ಹಾಗೆ ಹೇಳುತ್ತಿದ್ದೇನೆ. ನಿಮ್ಮ ಆಯಾ ಅಕ್ಕನನ್ನು ಕೇಳುವುದನ್ನೂ ಮರೆಯಬೇಡ, ಬಾತ್‌ರೂಮಿನ ಬಾಗಿಲಲ್ಲಿ ಮಕ್ಕಳು ಆಡುವ ಮಾತು ಆಕೆಗಷ್ಟೇ ಗೊತ್ತು.

ಹೌದು, ಒಬ್ಬ ಹುಡುಗ ದಿನಾ ಹನ್ನೆರಡು ಗಂಟೆಗೇ ಅಳುತ್ತಾನೆ ಅಂದೆಯಲ್ಲ, ಅದೇಕೆ ಹನ್ನೆರಡಕ್ಕೆ? ಬೇರೆ ಮಕ್ಕಳನ್ನು ಕರೆದೊಯ್ಯಲು ಆ ಹೊತ್ತಿಗೆ ಗೇಟಿನ ಹತ್ತಿರ ಯಾರಾದರೂ ಬರುತ್ತಾರಾ? ನೋಡಿ ಹೇಳು.

ಪಕ್ಕದ ಮನೆಯ ಹುಡುಗ ಭಾನುವಾರ ತುಮಕೂರಿಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಮಾವಿನ ಹಣ್ಣು ಕಳಿಸಿದ್ದೇನೆ. ಬಾದಾಮಿ ಮುಗಿಯಿತು, ಇದು ಮಲ್ಲಿಕಾ. ಇನ್ನೂ ಗಟ್ಟಿ ಇದೆ, ಎರಡು ದಿನ ಅಕ್ಕಿ ಡಬ್ಬದಲ್ಲಿಡು. ಆಯಾ ಅಕ್ಕನಿಗೂ ನಾಲ್ಕು ಕೊಡು.

ನಿನ್ನ
ಅಮ್ಮ