ಕಪ್ಪತಗುಡ್ಡದ ಬುಡದ ಮನೆ: ಮಗಳಿಗೊಂದು ಪತ್ರ

ಗದಗ

ಚಿ. ಸೌ. ಮಗಳಿಗೆ ನಿನ್ನ ತಂದೆಯ ಆಶೀರ್ವಾದಗಳು.

ನೀನೂ ಅಳಿಯಂದಿರೂ ಬೆಂಗಳೂರಿನಲ್ಲಿ ಬರೆಸಿ ಕಳಿಸಿದ ಮನೆಯ ನಕಾಶೆ ಮುಟ್ಟಿತು. ನಿನ್ನ ಅವ್ವನಿಗೆ ಅಡುಗೆಮನೆ ಹಿಡಿಸಿತು, ನನಗೆ ಪಡಸಾಲೆ ಹಿಡಿಸಿತು. ಆದರೆ ಆ ನಕಾಶೆಯಲ್ಲಿ ಮನೆ ಇದೆ, ಹೊಲ ಇಲ್ಲ. ಅದೇ ಮನೆಯನ್ನು ಮೈಸೂರಿನ ಬಡಾವಣೆಯೊಂದರಲ್ಲಿಯೂ ಕಟ್ಟಬಹುದು. ಡಂಬಳದಿಂದ ಡೋಣಿಯ ಕಡೆಗೆ ಹೋಗುವ ದಾರಿಯ ನಮ್ಮ ಹೊಲದ ಮಣ್ಣು, ಗಾಳಿ, ನೀರು ಇವು ಏನು ಕೇಳುತ್ತವೆಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಕೋಣೆಗಳ ಅಳತೆಯನ್ನು ಆಮೇಲೆ ನಿಶ್ಚಯಿಸಬೇಕೆಂದು ನನ್ನ ಅಭಿಪ್ರಾಯ. ಇಷ್ಟು ವರ್ಷ ಸರಕಾರಿ ಕಟ್ಟಡಗಳ ಕಾಮಗಾರಿ ನೋಡಿಕೊಂಡವನು ಸ್ವಂತ ಮಗಳ ಮನೆಯ ವಿಷಯದಲ್ಲಿ ಸುಮ್ಮನಿರಲಾರನೆಂಬುದು ನಿನಗೂ ತಿಳಿದದ್ದೇ.

ಮೊದಲನೆಯದಾಗಿ ಮನೆಯ ಜಾಗ. ರಸ್ತೆಗೆ ಹತ್ತಿರವೆಂದು ನೀವು ಹೊಲದ ಕೆಳಭಾಗದಲ್ಲಿ ಮನೆಯನ್ನು ಗುರುತಿಸಿದ್ದೀರಿ. ಅದು ಕಪ್ಪು ಮಣ್ಣಿನ ಅಪ್ಪಟ ಎರೆಭೂಮಿ. ಜೋಳಕ್ಕೂ ಕಡಲೆಗೂ ಅದರಂಥ ಮಣ್ಣಿಲ್ಲ, ಮನೆಗೆ ಅದರಷ್ಟು ಕೆಟ್ಟ ಮಣ್ಣೂ ಇಲ್ಲ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಖನಿಜವು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಏಪ್ರಿಲ್ ತಿಂಗಳಲ್ಲಿ ಆ ಹೊಲದ ಬಿರುಕುಗಳಲ್ಲಿ ಕೈ ಇಳಿಯುವುದನ್ನು ನೀನು ಚಿಕ್ಕವಳಿದ್ದಾಗಲೇ ನೋಡಿದ್ದೀ. ಇಡೀ ಬುನಾದಿ ಒಂದೇ ಸಮನಾಗಿ ಏರಿ ಇಳಿದರೆ ಅಷ್ಟು ಬಾಧೆಯಿಲ್ಲ. ಆದರೆ ಹೊರಗೋಡೆಯ ಅಡಿಯ ಮಣ್ಣು ಮೊದಲು ನೆನೆದು ಮೊದಲು ಒಣಗುತ್ತದೆ, ಮನೆಯ ನಡುವಿನ ಮಣ್ಣು ಮಾತ್ರ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಈ ಎಳೆದಾಟದಿಂದಾಗಿಯೇ ಬಾಗಿಲು ಕಿಟಕಿಗಳ ಮೂಲೆಗಳಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಗಿಲಾವು ಮಾಡಿ ಬಣ್ಣ ಹಚ್ಚಿ ಅದನ್ನು ಮುಚ್ಚಬಹುದು, ಮುಂದಿನ ವರ್ಷ ಅದೇ ಜಾಗದಲ್ಲಿ ಅದು ಮತ್ತೆ ಕಾಣಿಸಿಕೊಳ್ಳುತ್ತದೆ.

ಇದಕ್ಕೆ ಪರಿಹಾರವೇ ಇಲ್ಲವೆಂದು ಹೇಳುತ್ತಿಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ನೆಲಕ್ಕೆಂದೇ, ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳ ಬುನಾದಿಯನ್ನು ರೂಪಿಸಿದ್ದಾರೆ. ಆ ಕಂಬಗಳನ್ನು ಸುಮಾರು ಮೂರೂವರೆ ಮೀಟರ್ ಆಳಕ್ಕೆ ಇಳಿಸಿದರೆ, ಋತುವಿಗೆ ತಕ್ಕಂತೆ ನೆನೆದು ಒಣಗುವ ಪದರವನ್ನು ದಾಟಿ ಸ್ಥಿರವಾದ ಮಣ್ಣಿನಲ್ಲಿ ಅವು ನಿಲ್ಲುತ್ತವೆ. ಆದರೆ ನಮ್ಮದೇ ಹೊಲದ ಮೇಲ್ಭಾಗದಲ್ಲಿ ಕೆಂಪನೆಯ ಮಸಾರಿ ಮಣ್ಣು, ಅದರ ಕೆಳಗೆ ಸ್ವಲ್ಪದರಲ್ಲಿಯೇ ಕಲ್ಲುಹರಳಿನ ಗಟ್ಟಿ ಗರಸು ಇರುವಾಗ ಆ ಖರ್ಚನ್ನು ಮೈಮೇಲೆ ಹಾಕಿಕೊಳ್ಳುವುದೇಕೆ? ಮನೆಯನ್ನು ಮೇಲಕ್ಕೆ ಸರಿಸಿದರೆ ರಸ್ತೆಯಿಂದ ಒಂದಿಷ್ಟು ದೂರವಾಗುತ್ತದೆ, ಗರಸು ಹಾಕಿ ದಾರಿ ಮಾಡಿಕೊಳ್ಳಬೇಕಾಗುತ್ತದೆ. ಬುನಾದಿಯಲ್ಲಿ ಉಳಿಯುವ ಹಣದಲ್ಲಿ ಆ ದಾರಿಯ ಖರ್ಚು ಸಾಗುತ್ತದೆ, ಎರೆಯ ತುಂಡೂ ಬೆಳೆಗೆ ಉಳಿಯುತ್ತದೆ. ಗುಡ್ಡದ ನೀರು ಹರಿದುಬರುವ ಹಳ್ಳದ ಅಂಚನ್ನು ಮಾತ್ರ ಬಿಟ್ಟು, ಇಳಿಜಾರಿನ ನಡುಮಟ್ಟದಲ್ಲಿ ಜಾಗ ಹಿಡಿಯಿರಿ; ಮನೆಯ ಮೇಲ್ಬದಿಗೆ ಅಡ್ಡಲಾಗಿ ಒಂದು ಕಾಲುವೆ ತೋಡಿಸಿದರೆ ಮಳೆನೀರು ಗೋಡೆಗೆ ಬಡಿಯದೆ ಬದಿಗೆ ಹೋಗುತ್ತದೆ.

ಎರಡನೆಯದು ಪಡುವಣದ ಗಾಜು. ಗುಡ್ಡ ಕಾಣಬೇಕೆಂದು ನೀವು ಪಶ್ಚಿಮದ ಗೋಡೆಯನ್ನು ನೆಲದಿಂದ ಚಾವಣಿಯವರೆಗೆ ಗಾಜಿನದನ್ನಾಗಿ ಮಾಡಿದ್ದೀರಿ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಅಲ್ಲಿ ಗಾಳಿ ಇದೆಯೆಂದೇ ಅಲ್ಲವೇ? ಆಷಾಢದಲ್ಲಿ ಆ ಗಾಳಿ ಪಶ್ಚಿಮದಿಂದ ಬೀಸತೊಡಗಿದರೆ ಬಾಗಿಲು ತೆರೆದಿಡುವುದು ಸಾಧ್ಯವಾಗುವುದಿಲ್ಲ, ಹನಿಮಳೆಯೂ ಅಡ್ಡಡ್ಡ ಬಂದು ಚೌಕಟ್ಟಿನ ಸಂದಿಯೊಳಗೆ ನುಗ್ಗುತ್ತದೆ. ಬೇಸಿಗೆಯ ಇಳಿಹೊತ್ತಿನಲ್ಲಿ ಬಿಸಿಲು ನೇರವಾಗಿ ಒಳಗೆ ಬಿದ್ದು, ನೀವು ಪರದೆ ಇಳಿಬಿಟ್ಟುಕೊಂಡು ಕೂಡ್ರಬೇಕಾಗುತ್ತದೆ. ಪರದೆಯ ಹಿಂದೆ ಗುಡ್ಡ ಇದ್ದರೇನು, ಬಿಟ್ಟರೇನು. ಪಶ್ಚಿಮಕ್ಕೆ ಕಲ್ಲಿನ ಒಂದೂವರೆ ಅಡಿ ದಪ್ಪದ ಗೋಡೆ ಕಟ್ಟಿ, ಅದರಲ್ಲಿ ಎರಡು ಸಣ್ಣ ಕಿಟಕಿಗಳನ್ನು ಆಳವಾಗಿ ಕೂಡ್ರಿಸಿರಿ. ಗುಡ್ಡ ನೋಡಲು ಉತ್ತರದ ಬದಿಗೆ ಉದ್ದನೆಯ ಕಟ್ಟೆ ಇರಲಿ. ಅಲ್ಲಿ ಕುಳಿತರೆ ಗುಡ್ಡವೂ ಕಾಣುತ್ತದೆ, ವರ್ಷದ ಬಹುಪಾಲು ನೆರಳೂ ಇರುತ್ತದೆ.

ನಿನ್ನ ಅವ್ವನಿಗೆ ಹಳೆಯ ಮಾಳಿಗೆ ಮನೆಯ ಆಸೆ. ಅದರ ಅರ್ಧಕ್ಕೆ ನನ್ನ ಸಂಪೂರ್ಣ ಒಪ್ಪಿಗೆಯಿದೆ. ದಪ್ಪನೆಯ ಗೋಡೆಗಳಿಂದಾಗಿ ಹಗಲಿನ ಕಾವು ಒಳಮುಟ್ಟುವಷ್ಟರಲ್ಲಿ ಸಂಜೆಯಾಗಿರುತ್ತಿತ್ತು, ಅಷ್ಟೊತ್ತಿಗೆ ಹೊರಗಿನ ಗಾಳಿ ತಂಪಾಗಿರುತ್ತಿತ್ತು. ನಡುಮನೆಯ ಬೆಳಕಿಂಡಿಯೂ ಒಳ್ಳೆಯದೇ, ಅದಕ್ಕೆ ಗಟ್ಟಿ ಗಾಜು ಕೂಡ್ರಿಸಿದರೆ ಸಾಕು. ಮಾಳಿಗೆಯ ಮೇಲ್ಮುದ್ದೆಯೊಂದನ್ನು ಮಾತ್ರ ನಾನು ಒಪ್ಪುವುದಿಲ್ಲ. ತೊಲೆ, ಜಂತಿಗಳ ಮೇಲೆ ಮಣ್ಣು ಹೊದಿಸಿದ ಆ ಚಾವಣಿಗೆ ಮಳೆಗಾಲಕ್ಕೆ ಮುಂಚೆ ಕರಲು ಮಣ್ಣು ಹೊತ್ತು ಹಾಕಿಸುವ ಕೆಲಸವಿರುತ್ತಿತ್ತು. ಅದನ್ನು ಮಾಡುವ ಕೈಗಳು ಮನೆಯಲ್ಲಿಯೇ ಇದ್ದ ಕಾಲ ಅದು. 2019ರ ಆಗಸ್ಟಿನ ಮಳೆಯಲ್ಲಿ ಗದಗ, ಧಾರವಾಡ, ಹಾವೇರಿ ಜಿಲ್ಲೆಗಳಲ್ಲಿ ಬಿದ್ದ ಮಣ್ಣಿನ ಮನೆಗಳನ್ನು ನೋಡಿದವರಿಗೆ, ಮಣ್ಣಿನ ಗೋಡೆ ಕೆಡುವುದು ತಲೆಯಿಂದ ಮತ್ತು ಬುಡದಿಂದ ನೀರು ಒಳಸೇರಿದಾಗ ಎಂಬುದು ಚೆನ್ನಾಗಿ ಗೊತ್ತು. ಆದ್ದರಿಂದ ಬುಡಕ್ಕೆ ಎರಡು ಅಡಿ ಕಲ್ಲಿನ ಕಟ್ಟಡ, ತಲೆಗೆ ಮುಂಚಾಚಿದ ಆರ್‌ಸಿಸಿ ಚಾವಣಿ, ನಡುವೆ ಮಣ್ಣು ಎಂದು ನಾನು ಯೋಚಿಸಿದ್ದೇನೆ.

ಆ ಮಣ್ಣನ್ನೂ ಹೊರಗಿನಿಂದ ತರಬೇಕಾಗಿಲ್ಲ. ಬುನಾದಿ ತೋಡುವಾಗ ಬರುವ ಮಸಾರಿಯನ್ನು ಜರಡಿ ಹಿಡಿದು, ಬೇಕಾದರೆ ಉಸುಕು ಬೆರೆಸಿ, ನೂರಕ್ಕೆ ಐದರಿಂದ ಎಂಟರಷ್ಟು ಸಿಮೆಂಟು ಸೇರಿಸಿ ಯಂತ್ರದಲ್ಲಿ ಒತ್ತಿದರೆ ಸುಡುವ ಅಗತ್ಯವಿಲ್ಲದ ಇಟ್ಟಿಗೆ ಆಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆಂದು 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಕೇಂದ್ರದವರು ಈ ವಿಧಾನದ ಮೇಲೆ ಬಹಳ ಕೆಲಸ ಮಾಡಿದ್ದಾರೆ. ನೀನು ಅಲ್ಲಿಯೇ ಇರುವುದರಿಂದ ಅಂಥ ಮನೆಗಳನ್ನು ಒಮ್ಮೆ ನೋಡಿಕೊಂಡು ಬಾ. ಒತ್ತಿದ ಇಟ್ಟಿಗೆಗೆ ಮೂರು ನಾಲ್ಕು ವಾರ ನೀರುಣಿಸಬೇಕು. ಗೌಂಡಿಗಳು ಇದಕ್ಕೆ ಒಪ್ಪಲು ಹಿಂದೆ ಮುಂದೆ ನೋಡುವರು, ಎಂಟು ದಿನ ಸಾಕೆನ್ನುವರು. ಆ ಜಗಳ ನನ್ನ ಪಾಲಿಗಿರಲಿ.

ಇನ್ನು ನೀರು. ನಕಾಶೆಯಲ್ಲಿ ಒಂದು ಬೋರ್‌ವೆಲ್ ಗುರುತು ಬಿಟ್ಟರೆ ನೀರಿನ ಮಾತೇ ಇಲ್ಲ. ಮುಂಡರಗಿ ತಾಲ್ಲೂಕಿನ ಅನೇಕ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದಾಗ 1.5ರವರೆಗೆ ನಡೆಯುತ್ತದೆ ಎಂಬುದು ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಬಣ್ಣಕ್ಕೆ ತಿರುಗುತ್ತದೆ, ದೊಡ್ಡವರ ಕೀಲು ಬಿಗಿಯುತ್ತದೆ. ಕಾಯಿಸಿ ಆರಿಸಿದರೆ ಸರಿಹೋಗುತ್ತದೆಂದು ಎಷ್ಟೋ ಜನ ನಂಬಿದ್ದಾರೆ. ಕುದಿಸಿದಾಗ ನೀರು ಆವಿಯಾಗಿ ಹೋಗುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ, ಉಳಿದ ನೀರಿನಲ್ಲಿ ಅದರ ಪ್ರಮಾಣ ಮತ್ತಷ್ಟು ಏರುತ್ತದೆ. ಬೋರ್‌ವೆಲ್ ನೀರು ಗಿಡಕ್ಕೆ, ಬಟ್ಟೆಗೆ ಇರಲಿ.

ಕುಡಿಯಲು ಮಳೆನೀರು ಸಾಕಾಗುತ್ತದೆಂಬುದನ್ನು ಲೆಕ್ಕ ಹಾಕಿ ತೋರಿಸುತ್ತೇನೆ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾಗುತ್ತದೆ. 100 ಚದರ ಮೀಟರಿನ ಚಾವಣಿಯ ಮೇಲೆ 60,000 ಲೀಟರ್ ಬಿದ್ದು, ಐದರಲ್ಲೊಂದು ಪಾಲು ಹಾಳಾದರೂ 48,000 ಲೀಟರ್ ಕೈಗೆ ಬರುತ್ತದೆ. ನಾಲ್ಕು ಜನರಿಗೆ ಕುಡಿಯಲು ಮತ್ತು ಅಡುಗೆಗೆ ತಲಾ ದಿನಕ್ಕೆ ಹತ್ತು ಲೀಟರ್ ಹಿಡಿದರೂ ವರ್ಷಕ್ಕೆ ಬೇಕಾಗುವುದು 14,600 ಲೀಟರ್. ಮಳೆ ಅರ್ಧಕ್ಕೆ ಇಳಿದ ವರ್ಷವೂ ಕೊರತೆಯಾಗದು. ಬಿಸಿಲು ತಾಗದ, ಭದ್ರ ಮುಚ್ಚಳದ 20,000 ಲೀಟರಿನ ತೊಟ್ಟಿಯನ್ನು ಅಡುಗೆಮನೆಯ ಬದಿಗೆ ಕಟ್ಟಿಸಬೇಕು. ಮೊದಲ ಮಳೆಯ ನೀರನ್ನು ಹೊರಬಿಡಲು ಕೊಳವೆಗೊಂದು ತಿರುವು ಇರಬೇಕು. ಗಾಜಿನ ಗೋಡೆಯನ್ನು ಕೈಬಿಟ್ಟರೆ ಆ ಹಣದಲ್ಲಿ ಈ ತೊಟ್ಟಿಯ ಖರ್ಚು ಸಾಗಬಹುದು.

ಕಾಗದಪತ್ರದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. 2019ರಲ್ಲಿ ಕಪ್ಪತಗುಡ್ಡವನ್ನು ವನ್ಯಜೀವಿಧಾಮವೆಂದು ಘೋಷಿಸಿರುವುದರಿಂದ, ನಮ್ಮ ಸರ್ವೆ ನಂಬರು ಅದರ ಗಡಿಯಿಂದ ಎಷ್ಟು ದೂರವಿದೆ, ಗಡಿಯ ಸುತ್ತಲಿನ ಪರಿಸರ ಸೂಕ್ಷ್ಮ ವಲಯದೊಳಗೆ ಬರುತ್ತದೆಯೇ ಎಂಬುದನ್ನು ಅರಣ್ಯ ಇಲಾಖೆಯಿಂದ ಬರಹದಲ್ಲಿ ಪಡೆಯಬೇಕು. ಕೃಷಿ ಜಮೀನನ್ನು ವಸತಿಗೆ ಬಳಸಲು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೆಯ ಕಲಮಿನಡಿ ಅರ್ಜಿ ಹಾಕುವ ಕೆಲಸವನ್ನು ನಾನು ನೋಡಿಕೊಳ್ಳುತ್ತೇನೆ. ವಾಸ್ತು ನೋಡಿಸಬೇಕೆಂದು ಅಳಿಯಂದಿರ ಮನೆಯವರು ಅಂದರೆ ಅಗತ್ಯವಾಗಿ ನೋಡಿಸಲಿ, ಆದರೆ ಗರಸು ಇರುವ ಜಾಗದೊಳಗೆ ನೋಡಿಸಲಿ.

ಇನ್ನೊಂದು ಮಾತು. ಬೇಸಿಗೆಯಲ್ಲಿ ಗುಡ್ಡದ ಒಣಹುಲ್ಲಿಗೆ ಬೆಂಕಿ ಬೀಳುವುದುಂಟು. ಮನೆಯ ಸುತ್ತ ಮೂವತ್ತು ಅಡಿ ಹುಲ್ಲು ಸವರಿಸಿ ಬಯಲು ಬಿಡಬೇಕು, ಕಣಿಕೆ ಬಣವೆಯನ್ನು ಮನೆಯಿಂದ ದೂರ ಒಟ್ಟಬೇಕು. ಚಿರತೆ, ತೋಳಗಳು ಇರುವ ಗುಡ್ಡವಾದ್ದರಿಂದ ನಾಯಿಗೂ ಆಕಳಿಗೂ ರಾತ್ರಿ ಬಾಗಿಲು ಹಾಕಿಕೊಳ್ಳುವಂಥ ಕೊಟ್ಟಿಗೆ ಬೇಕು; ನಕಾಶೆಯಲ್ಲಿ ಕಾರಿಗೆ ಜಾಗವಿದೆ, ಆಕಳಿಗಿಲ್ಲ.

ಹೊಸ ನಕಾಶೆ ಬರೆಸುವ ಮೊದಲು ಎಂಜಿನಿಯರರನ್ನು ಕರೆದುಕೊಂಡು ಆಷಾಢದಲ್ಲಿಯೇ ಒಮ್ಮೆ ಬನ್ನಿರಿ, ಗಾಳಿ ಜೋರಾಗಿರುವ ಮಧ್ಯಾಹ್ನ ಹೊಲಕ್ಕೆ ಹೋಗೋಣ. ಅಷ್ಟರಲ್ಲಿ ನಾನು ಮೇಲ್ಭಾಗದಲ್ಲಿ ಮೂರು ಕಡೆ ತಗ್ಗು ತೋಡಿಸಿ, ಗರಸು ಎಷ್ಟು ಆಳದಲ್ಲಿ ಸಿಗುತ್ತದೆಂಬುದನ್ನು ಅಳೆದು ಬರೆದಿಟ್ಟಿರುತ್ತೇನೆ. ಮೊಮ್ಮಕ್ಕಳಿಗೆ ಅವ್ವ ಕರದಂಟು ಕಟ್ಟಿಸಿ ಇಟ್ಟಿದ್ದಾಳೆ.

ಇಂತಿ,
ನಿನ್ನ ಅಪ್ಪ