48 ಗಂಟೆ ಕಾಯಿರಿ ಅಂದರೆ ಮುಗಿಯಿತೇ?

ಸಂಪಾದಕರೇ,

ಗಾಂಧಿ ಬಜಾರ್ ಹತ್ತಿರ ನಮ್ಮ ಅತ್ತಿಗೆ ಚಕ್ಕುಲಿ, ಕೋಡುಬಳೆ ಮಾಡಿ ಮಾರುತ್ತಾರೆ. ಗೌರಿ ಹಬ್ಬದ ಆರ್ಡರ್ ಆನ್‌ಲೈನ್‌ನಲ್ಲೂ ಬರಲಿ ಅಂತ ವೆಬ್‌ಸೈಟ್ ಮಾಡಿಸಿ, ಡೊಮೇನ್, ಅಂದರೆ ಸೈಟಿನ ಹೆಸರು, ಕೊಂಡು ಜೋಡಿಸಿದೆವು. ಒಮ್ಮೆ ಚಕ್ಕುಲಿ ಫೋಟೊ ಕಾಣುತ್ತಿತ್ತು, ರಿಫ್ರೆಶ್ ಮಾಡಿದರೆ ಯಾವುದೋ ಜಾಹೀರಾತು ಪುಟ, ಹೆಸರಿನ ಮುಂದೆ ಡಬ್ಲ್ಯುಡಬ್ಲ್ಯುಡಬ್ಲ್ಯು ಹಾಕಿದರಂತೂ ಏನೂ ಇಲ್ಲ.

ಡೊಮೇನ್ ಮಾರಿದವರಿಗೆ ಫೋನ್ ಮಾಡಿದರೆ ಒಂದೇ ಮಾತು, 48 ಗಂಟೆ ಕಾಯಿರಿ ಸಾರ್. ಕಾದೆವು. ನಾಲ್ಕನೇ ದಿನವೂ ಅದೇ ಕಥೆ!

ಕೊನೆಗೆ ನಾನೇ ಡಿಎನ್‌ಎಸ್ (ಸೈಟಿನ ಹೆಸರು ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ವ್ಯವಸ್ಥೆ) ಸೆಟ್ಟಿಂಗ್ಸ್ ತೆಗೆದು ನೋಡಿದೆ. ಹೆಸರಿಗೆ ಸರ್ವರ್ ವಿಳಾಸ ಕೊಡುವ ಎ ರೆಕಾರ್ಡ್ ಒಂದಲ್ಲ, ಎರಡಿದ್ದವು. ನಾವು ಹಾಕಿದ್ದು ಒಂದು, ಅವರೇ ಮೊದಲಿಂದ ಇಟ್ಟಿದ್ದ ಜಾಹೀರಾತು ಪುಟದ್ದು ಇನ್ನೊಂದು. ಒಂದೇ ಮನೆಗೆ ಎರಡು ವಿಳಾಸ ಕೊಟ್ಟರೆ ಪೋಸ್ಟ್‌ಮ್ಯಾನ್ ಏನು ಮಾಡಬೇಕು ಹೇಳಿ? ಹಳೆಯದನ್ನು ಅಳಿಸಿದೆ, ಡಬ್ಲ್ಯುಡಬ್ಲ್ಯುಡಬ್ಲ್ಯುಗೆ ಮೂಲ ಹೆಸರಿನ ಕಡೆಗೇ ಕಳಿಸುವ ಸಿನೇಮ್ ರೆಕಾರ್ಡ್ ಸೇರಿಸಿದೆ. ಟಿಟಿಎಲ್ 3600 ಸೆಕೆಂಡ್ ಇತ್ತು, ಅಂದರೆ ಹಳೆ ಉತ್ತರ ಬೇರೆ ಸರ್ವರ್‌ಗಳ ನೆನಪಲ್ಲಿ ಉಳಿಯುವುದು ಒಂದು ಗಂಟೆ ಅಷ್ಟೇ. ಕಾಫಿ ಕುಡಿದು, ಅತ್ತಿಗೆ ಕೈಲಿ ಒಂದಷ್ಟು ಬೈಸಿಕೊಂಡು ಬರುವಷ್ಟರಲ್ಲಿ ಸೈಟ್ ಸರಿಯಾಗಿ ತೆರೆಯಿತು.

ಈ ರೆಕಾರ್ಡ್‌ಗಳನ್ನು ಇಟ್ಟುಕೊಳ್ಳುವ ನೇಮ್‌ಸರ್ವರ್ ಬದಲಿಸಿದಾಗ ಒಂದೆರಡು ದಿನ ಹಿಡಿಯಬಹುದು, ಒಪ್ಪೋಣ. ನಾವು ಅದನ್ನು ಮುಟ್ಟೇ ಇರಲಿಲ್ಲ. ಸುಮ್ನೆ ಕಾಯಿಸುವ ಬದಲು ಹಳೆ ರೆಕಾರ್ಡ್ ಇದೆಯಾ ಅಂತ ಫೋನಿನಲ್ಲೇ ಕೇಳಬಹುದಿತ್ತಲ್ವಾ, ಅದೂ ಕನ್ನಡದಲ್ಲಿ?

– ಒಬ್ಬ ಓದುಗ, ಬಸವನಗುಡಿ, ಬೆಂಗಳೂರು